ಎಡಕ್ಕೆ ಒಂದೂಮುಕ್ಕಾಲು, ಬಲಕ್ಕೆ ಎರಡೂಕಾಲು

ಹೆಸರು: ಬುರುಲ್, ತಂದೆ ಸಗಿನ್‌ಬೆಕ್. ವಯಸ್ಸು: 44. ಕಸುಬು: ಮೋಟಾರ್‌ಸೈಕಲ್ ರಿಪೇರಿ. ವಾಸ: ಕಾರಾ-ಬುಲಾಕ್ ಗ್ರಾಮ, ನಾರಿನ್ ಪ್ರಾಂತ್ಯ, ಕಿರ್ಗಿಸ್ತಾನ.

ಠಾಣೆಗೆ ಕರೆಸಿ ವಿಚಾರಿಸಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ಕುರಿಗಾಹಿ ಓಸ್ಮೋನಾಲಿ (68) ಅವರ ಸೈಡ್‌ಕಾರ್ ಬೈಕನ್ನು ಹನ್ನೊಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಸೊಂಟ ಮುರಿದ ಮೇಲೆ ಅವರು ಕುದುರೆ ಹತ್ತಲಾರರು. ಬೈಕಿಲ್ಲದೆ ಈ ಬೇಸಿಗೆ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗಲಾರರು. ಏಪ್ರಿಲ್ 11ರಂದು ಅದು ಸಂತೆಯಲ್ಲಿ ಕಳವಾಯಿತು.

ಮೇ 27ರಂದು ಬೆಳಿಗ್ಗೆ 10.20ಕ್ಕೆ ಠಾಣೆಯ ಅಂಗಳದಲ್ಲಿ ಹೊಸದಾಗಿ ಕೆಂಪು ಬಣ್ಣ ಬಳಿದ ಬೈಕೊಂದನ್ನು ನನಗೆ ತೋರಿಸಲಾಯಿತು. ಚಾಸಿ ನಂಬರನ್ನು ಉಜ್ಜಿ ಅಳಿಸಲಾಗಿತ್ತು. ಅದನ್ನು ಇಟ್ಟುಕೊಂಡಿದ್ದ ಮೆಲಿಸ್ ಎಂಬಾತ, ಇದು ನಮ್ಮಪ್ಪಂದು, ಹನ್ನೆರಡು ವರ್ಷ ಕೆಳಗಿನ ಜಲಾಲಾಬಾದಿನ ಬಯಲಲ್ಲಿ ಓಡಿದೆ, ಹೋದ ವಾರ ಲಾರಿಯಲ್ಲಿ ಹಾಕಿಸಿಕೊಂಡು ಬಂದೆ, ಕಾರ್ಬೊರೇಟರಿಗೆ ಯಾರೂ ಕೈ ಹಚ್ಚಿಲ್ಲ ಎಂದನು.

ಓಸ್ಮೋನಾಲಿ ಅಜ್ಜನ ಮೇಲಿನ ಅಭಿಮಾನದಿಂದ ನಾನು ಇಲ್ಲದ ಗುರುತನ್ನು ಕಂಡೆ ಎಂದುಕೊಳ್ಳಬಾರದೆಂದು, ಬೈಕನ್ನು ಮುಟ್ಟುವ ಮೊದಲೇ ಒಂದು ಚೀಟಿಯಲ್ಲಿ ಬರೆದು ಇನ್‌ಸ್ಪೆಕ್ಟರ್ ತಲಾಯ್ ಅವರ ಕೈಗೆ ಕೊಟ್ಟೆ: ಎಡ ಕಾರ್ಬೊರೇಟರಿಗೆ ಗಾಳಿ ಬಿಡುವ ಏರ್ ಸ್ಕ್ರೂ ಪೂರ್ತಿ ಬಿಗಿಯಿಂದ ಒಂದೂಮುಕ್ಕಾಲು ಸುತ್ತು ಬಿಚ್ಚಿದೆ, ಬಲದ್ದು ಎರಡೂಕಾಲು. ಬಯಲಲ್ಲಿ ಒಂದು ಸುತ್ತು ಬಿಚ್ಚಿದರೆ ಸಾಕು. ನಮ್ಮ ಬೆಟ್ಟದ ಎತ್ತರದಲ್ಲಿ ಗಾಳಿ ತೆಳು. ಅಷ್ಟಕ್ಕೇ ಬಿಟ್ಟರೆ ಪೆಟ್ರೋಲು ಹೆಚ್ಚಾಗಿ, ನಿಂತಲ್ಲೇ ಇಂಜಿನ್ ಉಸಿರುಗಟ್ಟುತ್ತದೆ.

ಇನ್‌ಸ್ಪೆಕ್ಟರ್ ಚೀಟಿಯನ್ನು ಗಟ್ಟಿಯಾಗಿ ಓದಿದಾಗ ಮೆಲಿಸ್, ಅಕ್ಕಾ, ಸ್ಕ್ರೂಗೇನು ಕಣ್ಣು ಮೂಗು ಇರುತ್ತಾ, ಗುರುತು ಹಿಡಿಯೋಕೆ ಎಂದು ನಕ್ಕನು. ಅಲ್ಲೇ ನಿಂತಿದ್ದ ಓಸ್ಮೋನಾಲಿ ಅಜ್ಜ, ನಿನಗಿಲ್ಲದ ಮೂಗು ಅದಕ್ಕಿದೆ, ಸುಮ್ನಿರೋ ಎಂದರು.

10.45ಕ್ಕೆ ಇನ್‌ಸ್ಪೆಕ್ಟರ್ ತಾವೇ ಸ್ಕ್ರೂ ಬಿಗಿ ಮಾಡುತ್ತ ಸುತ್ತು ಎಣಿಸಿದರು. ನಾನು ಮೂರು ಮೀಟರ್ ದೂರ ನಿಂತಿದ್ದೆ. ಎಡ ಒಂದೂಮುಕ್ಕಾಲು. ಬಲ ಎರಡೇ. ಅಲುಗಾಟಕ್ಕೆ ತಿರುಗಿರಬಹುದು, ನನ್ನ ಲೆಕ್ಕವೇ ತಪ್ಪಿರಬಹುದು ಎಂದು ಆಗಲೇ ಹೇಳಿದ್ದೇನೆ, ಅದನ್ನೂ ದಾಖಲಿಸಬೇಕು.

ನಂತರ ಅನುಮತಿ ಪಡೆದು, ಎರಡೂ ಸ್ಕ್ರೂಗಳನ್ನು ಮೊದಲಿದ್ದಲ್ಲಿಗೇ ತಂದು ಇಂಜಿನ್ ಬಿಸಿ ಮಾಡಿದೆ. ಬಲ ಸಿಲಿಂಡರ್ ಒಂದೇ ಓಡುತ್ತದೆಯೇ ನೋಡಲು ಎಡ ಪ್ಲಗ್ಗಿನ ತಂತಿ ಕಿತ್ತಾಗ ಅದು ಮುಗ್ಗರಿಸಿ ನಿಂತಿತು. ಬಲ ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿ ಮತ್ತೆ ಚಾಲೂ ಮಾಡಿದೆ. ಈಗ ಯಾವ ತಂತಿ ಕಿತ್ತರೂ ಇನ್ನೊಂದು ಸಿಲಿಂಡರ್ ಒಂದೇ ಸಮನೆ ನಡೆಯಿತು.

ಮೆಲಿಸ್ ಮುಂದೆ ಬಂದು, ಬಣ್ಣ ಹೊಡೀವಾಗ ನಾನು ಬಿಗಿ ಮಾಡಿದ್ದು ಕಾಲೇ ಸುತ್ತು, ಅಷ್ಟಕ್ಕೆ ಇಷ್ಟೊಂದಾ ಎಂದನು. ಯಾರೂ ಮುಟ್ಟಿಲ್ಲ ಅಂದಿದ್ದೆಯಲ್ಲ, ಬಯಲಿನ ಗಾಡಿಗೆ ಬೆಟ್ಟದ ಸೆಟ್ಟಿಂಗು ಯಾರು ಮಾಡಿದ್ದು ಎಂದು ಇನ್‌ಸ್ಪೆಕ್ಟರ್ ಕೇಳಿದರು. 11.30ಕ್ಕೆ ಅವನನ್ನು ಒಳಗೆ ಕರೆದೊಯ್ಯಲಾಯಿತು.

ಬೈಕು ಓಸ್ಮೋನಾಲಿಯದೇ ಎಂದು ಪ್ರಮಾಣ ಮಾಡುವಿರಾ ಎಂದು ನನ್ನನ್ನು ಕೇಳಲಾಯಿತು. ಕಾಗದಪತ್ರ ನಾನು ನೋಡಿಲ್ಲ. ಮಾಲೀಕತ್ವದ ಮೇಲೆ ಪ್ರಮಾಣ ಮಾಡಲಾರೆ. ಆದರೆ ಈ ಇಂಜಿನನ್ನು ಹೀಗೆ ಹದ ಮಾಡಿದ ಕೈ ನನ್ನದು, ಹದ ಮಾಡಿದ್ದು ಅಜ್ಜನಿಗಾಗಿ. ಇದರ ಮೇಲೆ ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ.

ಬರೆದದ್ದನ್ನು ನಾನೇ ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಿಜ.

ಸ್ಥಳ: ಕಾರಾ-ಬುಲಾಕ್ ಠಾಣೆ
ದಿನಾಂಕ: 27 ಮೇ 2019
ಸಹಿ: ಬುರುಲ್, ಮೆಕ್ಯಾನಿಕ್