ಮಾಸ್ತೆವ್ವನ ಕಲ್ಲು ಕಳುವಾಗಿಲ್ಲ ಎಂಬ ಬಗ್ಗೆ ನನ್ನ ಎರಡನೆಯ ಹೇಳಿಕೆ

ಠಾಣಾಧಿಕಾರಿಗಳಿಗೆ, ಹೊಸಪೇಟೆ.

ಮಾನ್ಯರೇ,

ದಿನಾಂಕ 23-1-2007ರಂದು ನಾನು ತಮ್ಮ ಠಾಣೆಯಲ್ಲಿ ಒಂದು ಹೇಳಿಕೆ ಕೊಟ್ಟು ಸಹಿ ಮಾಡಿದ್ದೇನೆ. ಅದು ಇರುವಾಗ ಮತ್ತೆ ಬರೆದು ತೊಂದರೆ ಕೊಡುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಇವತ್ತು ಗಣರಾಜ್ಯೋತ್ಸವ ಎಂದು ಗೊತ್ತಿದ್ದೂ ಬಂದಿದ್ದೇನೆ. ಬೆಳಿಗ್ಗೆ 10-15ಕ್ಕೆ ಬಂದಾಗ ಬಾಗಿಲಲ್ಲಿದ್ದ ಪೇದೆಯವರು ಸಾಹೇಬರು ಪರೇಡಿಗೆ ಹೋಗಿದ್ದಾರೆ, ಸೋಮವಾರ ಬಾ ಎಂದು ಹೇಳಿ ಕೈಗೆ ಒಂದು ಲಾಡು ಕೊಟ್ಟರು. ಸೋಮವಾರದವರೆಗೆ ಕಾಯಲು ಆಗುವುದಿಲ್ಲವಾದ್ದರಿಂದ ಬರೆದೇ ಕೊಡುತ್ತಿದ್ದೇನೆ. ಐದನೆಯ ತರಗತಿಯಿಂದ ಪಿ.ಯು.ಸಿ.ವರೆಗೆ ಹಾಸ್ಟೆಲ್‌ನಲ್ಲಿದ್ದು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡದಲ್ಲಿ ತಪ್ಪುಗಳಿದ್ದರೆ ಮನ್ನಿಸಬೇಕು.

ನನ್ನ ಹೆಸರು ಶ್ರೀಪ್ರಿಯಾ, ತಂದೆ ತಿರುಮಲ, ವಯಸ್ಸು 18 ವರ್ಷ, ಇಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ, ವಾಸ ಹಳೇ ಕಾಲುವೆ ಓಣಿ, ಮೂರನೆಯ ಮನೆ, ಮಹಡಿ, ಹೊಸಪೇಟೆ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಂದೆ ಯಶವಂತನಗರದ ಒಂದು ಗಣಿ ಕಂಪನಿಯಲ್ಲಿ ಸರ್ವೇಯರ್ ಆಗಿದ್ದು ಅಲ್ಲಿನ ಕ್ವಾರ್ಟರ್ಸ್‌ನಲ್ಲಿರುತ್ತಾರೆ. ನಾನು ಮತ್ತು ತಾಯಿ ಕಳೆದ ಜೂನ್‌ನಿಂದ ಮೇಲ್ಕಂಡ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಎಡಗಡೆಯ ಮನೆಯಲ್ಲಿ ಮರುಳಸಿದ್ದಮ್ಮ ಎಂಬ ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ ಇರುತ್ತಾರೆ. ಎದುರಿಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಹಾಲಸ್ವಾಮಿಯವರ ಮನೆ. ಓಣಿಯ ಕೊನೆಯಲ್ಲಿ ತಳ್ಳುಬಂಡಿಯಲ್ಲಿ ಬಾಳೆಹಣ್ಣು ಮಾರುವ ಪಕ್ಕೀರಪ್ಪ ಮತ್ತು ಅವರ ಹೆಂಡತಿ ಜಂಬವ್ವ ಇರುತ್ತಾರೆ. ಕಲ್ಲು ಕದ್ದ ಅನುಮಾನದ ಮೇಲೆ ತಾವು ಕರೆಸಿ ಕೂರಿಸಿದ್ದು ಇದೇ ಪಕ್ಕೀರಪ್ಪನವರನ್ನು.

ಆ ಕಲ್ಲು ಓಣಿಯ ತಿರುವಿನಲ್ಲಿ, ನಮ್ಮ ಮನೆಯಿಂದ 22 ಮೀಟರ್ ದೂರದಲ್ಲಿ ನೆಟ್ಟಿತ್ತು. ಮೊಳಕೈ ಮಡಿಸಿ ಮೇಲಕ್ಕೆತ್ತಿದ ಒಂದು ಹೆಣ್ಣಿನ ಕೈ, ಕೈತುಂಬ ಬಳೆ, ಅಂಗೈಯಲ್ಲಿ ನಿಂಬೆಹಣ್ಣು, ಇಷ್ಟನ್ನು ಅದರಲ್ಲಿ ಕೆತ್ತಿದ್ದಾರೆ. ಗಂಡ ಸತ್ತಾಗ ಚಿತೆ ಏರಿದವಳ ನೆನಪಿಗೆ ಹಿಂದಿನ ಕಾಲದಲ್ಲಿ ನೆಡುತ್ತಿದ್ದ ಮಾಸ್ತಿಕಲ್ಲು ಅದು. ಓಣಿಯವರು ಮಾಸ್ತೆವ್ವ ಎನ್ನುತ್ತಾರೆ. ಅದು ಯಾರ ಕಲ್ಲು ಎಂಬುದರ ಬಗ್ಗೆ ಪ್ರತಿ ಸಂಜೆ ಹಾಲಸ್ವಾಮಿಯವರ ಮನೆಯ ಕಟ್ಟೆಯ ಮೇಲೆ ವಾದ ನಡೆಯುತ್ತಿತ್ತು. ಹಾಲಸ್ವಾಮಿ ಮೇಷ್ಟ್ರು ಅದು ರಾಯರ ಕಾಲದ ಒಬ್ಬ ಕಾವಲುಗಾರನ ಹೆಂಡತಿಯದು ಎನ್ನುತ್ತಿದ್ದರು. ಅಜ್ಜಿ ಒಪ್ಪುತ್ತಿರಲಿಲ್ಲ. "ನೀ ನೋಡೀಯೇನಪ್ಪಾ? ಆಕಿ ಮದಿವ್ಯಾಗ ಉಂಡು ಬಂದೋರಂಗ ಹೇಳ್ತಿ" ಎನ್ನುತ್ತಿದ್ದರು. ಪಕ್ಕೀರಪ್ಪನವರು ನಡುವೆ ಬಾಯಿ ಹಾಕಿ, "ಊಟಕ್ಕ ಬಾಳಿಹಣ್ಣು ಕೊಟ್ಟಾಂವ ನಾನ ನೋಡ್ರಿ" ಎನ್ನುತ್ತಿದ್ದರು. ಅವರು ನನ್ನನ್ನು ಇಂಜಿನಿಯರಮ್ಮ ಎಂದೇ ಕರೆಯುತ್ತಿದ್ದರು. ಇವರ ಮಾತುಗಳನ್ನು ಕೇಳಿದಂತೆಯೇ ಬರೆದಿದ್ದೇನೆ. ತಿದ್ದಿ ಬರೆಯಲು ನನಗೆ ಬರುವುದಿಲ್ಲ.

ಕಳೆದ ನವೆಂಬರ್‌ನಲ್ಲಿ ನಾನು ಕಲ್ಲಿನ ಅಳತೆ ಮತ್ತು ಚಿತ್ರ ಸೇರಿಸಿ ಪುರಾತತ್ವ ಇಲಾಖೆಗೆ ಪತ್ರ ಬರೆದೆ. ಯಾರನ್ನೂ ಕೇಳಲಿಲ್ಲ. ಜನವರಿ 23ರಂದು ಬಂದು ನೋಡುವುದಾಗಿ ಉತ್ತರ ಬಂದಾಗ ಅದನ್ನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಇಂಥ ಕಲ್ಲಿಗೆ ಫಾರಿನ್‌ನಲ್ಲಿ ಲಕ್ಷಗಟ್ಟಲೆ ಬೆಲೆ ಎಂದೂ ಹೇಳಿದೆ. ಹಾಗೆಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ಬಾಯಿಗೆ ಬಂದುಬಿಟ್ಟಿತು. ಕಳವಿನ ಅನುಮಾನಕ್ಕೆ ಈ ಮಾತೇ ಮೂಲ.

ದಿನಾಂಕ 19-1-2007ರ ಶುಕ್ರವಾರ ಮಧ್ಯಾಹ್ನ ನಾನು ಮತ್ತು ತಾಯಿ ಯಶವಂತನಗರಕ್ಕೆ ಹೋಗಿ, 21ರ ಭಾನುವಾರ ಸಂಜೆ 6-40ಕ್ಕೆ ಕಂಪನಿ ಬಸ್ಸಿನಲ್ಲಿ ವಾಪಸು ಬಂದೆವು. ಕಲ್ಲಿನ ಮೇಲೆ ಒದ್ದೆ ಮಾಡಿದ ಹಸಿರು ಸೀರೆ ಹೊದಿಸಿತ್ತು. ಏನೋ ಪೂಜೆ ಇರಬೇಕೆಂದುಕೊಂಡೆ, ಹತ್ತಿರ ಹೋಗಿ ನೋಡಲಿಲ್ಲ. ಅವತ್ತು ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಮರುದಿನ 22ರ ಸೋಮವಾರ ಬೆಳಿಗ್ಗೆ ಲ್ಯಾಬ್ ಪರೀಕ್ಷೆ ಇದ್ದುದರಿಂದ 5-30ಕ್ಕೆ ಎದ್ದು ಬಾಲ್ಕನಿಯಲ್ಲಿ ಓದುತ್ತಿದ್ದೆ. 5-35ಕ್ಕೆ ಬೀದಿದೀಪದ ಬೆಳಕಿನಲ್ಲಿ ಪಕ್ಕೀರಪ್ಪನವರು ತಳ್ಳುಬಂಡಿ ತಳ್ಳುತ್ತಾ ಪೂರ್ವಕ್ಕೆ ಹೊರಟಿದ್ದನ್ನು ಕಂಡೆ. ಬಂಡಿಯಲ್ಲಿ ಗೋಣಿಚೀಲ, ಚೀಲದ ಅಂಚಿನಲ್ಲಿ ಅದೇ ಹಸಿರು ಸೀರೆ. ಜೊತೆಗೆ ಮರುಳಸಿದ್ದಮ್ಮ ಮತ್ತು ಜಂಬವ್ವ ನಡೆಯುತ್ತಿದ್ದರು. ಮೂವರ ಕಾಲಲ್ಲೂ ಚಪ್ಪಲಿ ಇರಲಿಲ್ಲ, ಮೂವರ ತಲೆಯೂ ಒದ್ದೆ ಇತ್ತು. ಮಾತಿರಲಿಲ್ಲ. ನಾನು ಮೇಲಿನಿಂದ ಕೂಗಿ, ಎಲ್ಲಿಗೆ ಹೊರಟಿರಿ ಎಂದು ಕೇಳಿದೆ.

ಪಕ್ಕೀರಪ್ಪನವರು ಬಂಡಿ ನಿಲ್ಲಿಸಿದರು. ಮೂವರೂ ಹಾಲಸ್ವಾಮಿಯವರ ಕಟ್ಟೆಯ ಮೇಲೆ ಸುಮಾರು ಐದು ನಿಮಿಷ ಕುಳಿತರು. ಅಜ್ಜಿ ತಮ್ಮ ಮನೆಯೊಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು, ಮೂವರೂ ಕುಡಿದರು. ನಂತರ ಬಂಡಿ ತಿರುಗಿಸಿ ಪಶ್ಚಿಮಕ್ಕೆ, ಅಂದರೆ ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲುವ ಹೈವೇ ಕಡೆಗೆ ಹೋದರು. ನನ್ನ ಕಡೆ ಯಾರೂ ನೋಡಲಿಲ್ಲ. 7-20ಕ್ಕೆ ನಾನು ಕಾಲೇಜಿಗೆ ಹೊರಟಾಗ ಕಲ್ಲು ಇರಲಿಲ್ಲ. ಆ ಜಾಗವನ್ನು ಸಗಣಿಯಿಂದ ಸಾರಿಸಿ ರಂಗೋಲಿ ಹಾಕಿದ್ದರು.

23ರ ಮಂಗಳವಾರ 11 ಗಂಟೆಗೆ ಇಲಾಖೆಯ ಇಬ್ಬರು ಬಂದರು. ಕಲ್ಲು ಎಲ್ಲಿ ಎಂದು ಕೇಳಲಾಗಿ ಓಣಿಯವರು ಯಾರೂ ಉತ್ತರ ಕೊಡಲಿಲ್ಲ. ಪತ್ರ ಬರೆದವಳು ನಾನೇ ಆದ್ದರಿಂದ ನನಗೆ ನಾಚಿಕೆಯಾಯಿತು. ನಾನು ಕಂಡದ್ದನ್ನು ಅವರ ಮುಂದೆಯೂ, ಸಂಜೆ 4 ಗಂಟೆಗೆ ತಮ್ಮ ಠಾಣೆಯಲ್ಲೂ ಹೇಳಿದೆ. ಆ ಹೇಳಿಕೆಯ ಎರಡನೆಯ ಪುಟದಲ್ಲಿ, ನನ್ನನ್ನು ಕಂಡು ಗಾಬರಿಯಾಗಿ ದಾರಿ ಬದಲಿಸಿ ಓಡಿಹೋದರು ಎಂದಿದೆ. ಅಜ್ಜಿಯ ಹೆಸರನ್ನು ನಾನು ಹೇಳಲಿಲ್ಲ, ವಯಸ್ಸಾದವರೆಂದು ಬಿಟ್ಟೆ. ಜಂಬವ್ವನವರ ಹೆಸರನ್ನೂ ಬಿಟ್ಟೆ. ಪಕ್ಕೀರಪ್ಪನವರ ಹೆಸರನ್ನು ಮಾತ್ರ ಹೇಳಿದೆ.

24 ಮತ್ತು 25ರಂದು ತಾವು ಅವರನ್ನು ಬೆಳಿಗ್ಗೆ 9ಕ್ಕೆ ಕರೆಸಿ ರಾತ್ರಿ 7ರವರೆಗೆ ಕೂರಿಸಿದ್ದೀರಿ. ಏನು ಕೇಳಿದರೂ ಅವರು ಮಾತಾಡಿಲ್ಲ ಎಂದು ತಿಳಿಯಿತು. ಬಂಡಿ ಠಾಣೆಯ ಹಿಂದೆ ನಿಂತಿದೆ. ಸೋಮವಾರ ತುಂಬಿದ ಹಣ್ಣು ಅದರಲ್ಲೇ ಇದ್ದು ಕಪ್ಪಾಗಿದೆ, ಇವತ್ತು ಕಾಂಪೌಂಡ್ ಪಕ್ಕದಿಂದ ಬರುವಾಗ ನೋಡಿದೆ. ನಾಳೆ 27ರ ಶನಿವಾರ ಕೇಸು ದಾಖಲಿಸಿ ಕೋರ್ಟಿಗೆ ಹಾಜರುಪಡಿಸುವುದಾಗಿ ಅವರಿಗೆ ಹೇಳಿ ಕಳಿಸಿದ್ದೀರಿ.

24ರ ಸಂಜೆ 6-10ಕ್ಕೆ ಜಂಬವ್ವ ನಮ್ಮ ಗೇಟಿನ ಹೊರಗೆ ಬಂದು ನಿಂತರು. ತಾಯಿ ಒಳಗೆ ಕರೆದರೂ ಬರಲಿಲ್ಲ. ನನ್ನನ್ನು ನೋಡಿ, "ಹೊಂಟೋರ್ನ ಎಲ್ಲಿಗಿ ಅಂತ ಕೇಳ್ತಾರೇನವ್ವಾ? ಅದೂ ಅಂಥಾ ಕೆಲಸಕ್ಕ ಹೊಂಟೋರ್ನ. ಹಾಸ್ಟೆಲ್‌ನ್ಯಾಗ ಎಲ್ಲಾ ಕಲಿಸ್ಯಾರ, ಇದೊಂದು ಕಲಿಸಿಲ್ಲೇನು?" ಎಂದರು. ಎಂಥ ಕೆಲಸ ಎಂದು ಕೇಳಲಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದರು.

ತಾಯಿಯವರನ್ನು ಕೇಳಿದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋಗುವ ಕೆಲಸ ಕೆಡುತ್ತದೆ, ಹಾಗೆ ಕೇಳಿಸಿಕೊಂಡವರು ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು, ಬೇರೆ ದಾರಿ ಹಿಡಿದು ಹೋಗುತ್ತಾರೆ ಎಂದು ತಿಳಿಸಿದರು. ಇದು ನಿನಗೆ ಗೊತ್ತಿಲ್ಲವೇ ಎಂದರು. ನನಗೆ ಗೊತ್ತಿರಲಿಲ್ಲ. ಹಾಸ್ಟೆಲ್‌ನಲ್ಲಿ ಎಲ್ಲಿಗೆ ಎಂದು ವಾರ್ಡನ್ ಕೇಳುತ್ತಿದ್ದರು, ನಾವು ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದೆವು.

25ರ ಗುರುವಾರ ಮಧ್ಯಾಹ್ನ 3-30ಕ್ಕೆ ಹಾಲಸ್ವಾಮಿ ಮೇಷ್ಟ್ರ ಮನೆಗೆ ಹೋಗಿ ನಡೆದದ್ದೇನು ಎಂದು ಕೇಳಿದೆ. ಅವರು ಬಾಗಿಲು ಮುಂದಕ್ಕೆ ಹಾಕಿ, "ಕುಂದ್ರವ್ವಾ" ಎಂದರು. 20ರ ಶನಿವಾರ ಮಧ್ಯಾಹ್ನ 2-10ಕ್ಕೆ ಹೈವೇ ಜಾಮ್ ಆಗಿದ್ದರಿಂದ ಒಂದು ಅದಿರು ಲಾರಿ ನಮ್ಮ ಓಣಿಯೊಳಗೆ ನುಗ್ಗಿತೆಂದೂ, ತಿರುವಿನಲ್ಲಿ ಅದರ ಹಿಂದಿನ ಚಕ್ರ ಹತ್ತಿ ಕಲ್ಲು ಮೂರು ತುಂಡಾಯಿತೆಂದೂ ತಿಳಿಸಿದರು. ಮುಂದೆ, "ಮುಕ್ಕಾದ ದೇವರನ್ನ ಓಣ್ಯಾಗ ಇಟ್ಕೊಳ್ಳಂಗಿಲ್ಲ. ಅದು ಎಲ್ಲಿಗಿ ಹೋಗತೈತಿ ಅಂತ ನಾ ಹೇಳಂಗಿಲ್ಲ. ನೀರಿದ್ದ ಕಡಿಗಿ ನೀನ ನೋಡ್ಕೋ" ಎಂದರು. ನೀರಿಗೆ ಬಿಟ್ಟು ಬಂದವರು ಹನ್ನೊಂದು ದಿನ ಅದರ ಮಾತೆತ್ತುವಂತಿಲ್ಲ, ಎತ್ತಿದರೆ ಅಮ್ಮ ಅವರ ಬೆನ್ನ ಹಿಂದೆಯೇ ಮನೆಗೆ ಬರುತ್ತಾಳೆ ಎಂಬುದು ಓಣಿಯವರ ನಂಬಿಕೆಯೆಂದು ವಿವರಿಸಿದರು. ಆ ಹನ್ನೊಂದು ದಿನ ಮುಗಿಯುವುದು ಫೆಬ್ರವರಿ 1ಕ್ಕೆ.

ನೀವು ಜೊತೆಗೆ ಹೋಗಿರಲಿಲ್ಲವಲ್ಲ, ನೀವೇ ಠಾಣೆಗೆ ಬಂದು ಹೇಳಬಹುದಿತ್ತಲ್ಲ ಎಂದು ಕೇಳಿದೆ. ಮೇಷ್ಟ್ರು ಎದ್ದು ಕಿಟಕಿಯನ್ನೂ ಮುಚ್ಚಿ ಬಂದರು. "ನಾ ಬಂದ್ರ ಮೊದಲ ಲಾರಿ ಯಾರ್ದು ಅಂತ ಕೇಳ್ತಾರ" ಎಂದರು. ಅವರ ತಮ್ಮನ ಮಗನಿಗೆ ಎರಡು ಲಾರಿಗಳಿವೆ. ಆದರೆ ನಮ್ಮ ಓಣಿಯಲ್ಲಿ ಲಾರಿಯ ಸಂಬಂಧವಿಲ್ಲದ ಮನೆ ಎರಡೋ ಮೂರೋ ಇರಬಹುದು, ನಮ್ಮದೂ ಅದರಲ್ಲಿ ಸೇರುವುದಿಲ್ಲ. ನಿನ್ನೆ ರಾತ್ರಿ ಫೋನಿನಲ್ಲಿ ತಂದೆ ಲಾರಿಯ ವಿಷಯ ಬಿಟ್ಟು ಬರೆಯಲು ಹೇಳಿದರು. ಲಾರಿಯನ್ನು ನಾನು ನೋಡಿಲ್ಲ, ನಂಬರ್ ಗೊತ್ತಿಲ್ಲ. ಕೇಳಿದ್ದನ್ನು ಮಾತ್ರ ಬರೆದಿದ್ದೇನೆ, ಬಿಟ್ಟಿಲ್ಲ.

ಮೇಷ್ಟ್ರ ಮನೆಯಿಂದ ಹೊರಟು, 22ರಂದು ಆ ಮೂವರು ಹೋದ ಪಶ್ಚಿಮದ ದಾರಿಯಲ್ಲೇ ಹೆಜ್ಜೆ ಎಣಿಸುತ್ತಾ ನಡೆದೆ. ಆ ದಾರಿ ಹೈವೇ ಮುಟ್ಟುವ ಮೊದಲೇ ಎಡಕ್ಕೆ ಒಂದು ಸಂದಿ ಇದೆ. ಅದು ಬಳಸಿಕೊಂಡು ಬಂದು ಕಾಲುವೆಗೇ ಸೇರುತ್ತದೆ, ನಮ್ಮ ಮನೆಯಿಂದ 640 ಮೀಟರ್. ನಾನು ಕೇಳದಿದ್ದರೆ ಪೂರ್ವದ ಕಡೆಯಿಂದ ಅದು 180 ಮೀಟರ್ ಮಾತ್ರ. ಮೊಳಕಾಲು ನೋವಿನ ಅಜ್ಜಿ ಬರಿಗಾಲಲ್ಲಿ ಅಷ್ಟು ದೂರ ನಡೆದಿದ್ದಾರೆ.

ಕಾಲುವೆಯ ಗೋಡೆ ರಿಪೇರಿಗೆಂದು 24ರ ಬೆಳಿಗ್ಗೆ ನೀರು ನಿಲ್ಲಿಸಿದ್ದಾರೆ. 5-15ಕ್ಕೆ ಸಣ್ಣ ಸೇತುವೆಯಿಂದ ಎಂಟು ಹೆಜ್ಜೆ ಕೆಳಗೆ, ಕೆಸರಿನಲ್ಲಿ ಹಸಿರು ಸೀರೆ ಕಂಡಿತು. ಇಳಿದು ನೋಡಲಾಗಿ ಮೂರು ತುಂಡುಗಳಿದ್ದವು. ಒಂದರಲ್ಲಿ ಮೊಳಕೈವರೆಗಿನ ಭಾಗ, ಇನ್ನೊಂದರಲ್ಲಿ ಬಳೆಗಳು ಮತ್ತು ಅಂಗೈ. ಮುರಿದ ಅಂಚಿಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದರು, ಗಾಯಕ್ಕೆ ಸುತ್ತುವ ಹಾಗೆ. ಲಾರಿಯ ಟೈರಿನ ಕರಿ ಗುರುತು ಮೂರನೆಯ ತುಂಡಿನ ಮೇಲೆ ಈಗಲೂ ಇದೆ. ನಾನು ಏನನ್ನೂ ಮುಟ್ಟಿಲ್ಲ. ಜಾಗದ ನಕ್ಷೆಯನ್ನು ಡ್ರಾಯಿಂಗ್ ಶೀಟಿನಲ್ಲಿ ಅಳತೆಯೊಂದಿಗೆ ಬರೆದು ಇದರ ಜೊತೆ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಆ ಕಲ್ಲು ಇಡಿಯಾಗಿದ್ದಾಗ ನನ್ನ ನವೆಂಬರ್ ಅಳತೆಯ ಪ್ರಕಾರ ಸುಮಾರು ಇನ್ನೂರು ಕೆ.ಜಿ. ತೂಗಬೇಕು. ಒಬ್ಬ ಗಂಡಸು, ಇಬ್ಬರು ಹೆಂಗಸರು ಅದನ್ನು ಕಿತ್ತು ಬಾಳೆಹಣ್ಣಿನ ಬಂಡಿಗೆ ಏರಿಸಲು ಸಾಧ್ಯವಿಲ್ಲ. ಈ ಲೆಕ್ಕ ಮಾಡಲು ನನಗೆ ಬರುತ್ತಿತ್ತು. 23ರಂದು ಮಾಡಲಿಲ್ಲ.

ಅದೇ ಸಂಜೆ 6 ಗಂಟೆಗೆ ಮರುಳಸಿದ್ದಮ್ಮನವರ ಮನೆಗೆ ಹೋಗಿ, ನಾನು ಕಂಡೆ ಎಂದು ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಉಂಡೀಯೇನು?" ಎಂದು ಮಾತ್ರ ಕೇಳಿದರು. ಇದನ್ನು ಠಾಣೆಗೆ ಬರೆದುಕೊಟ್ಟರೆ ನಿಮಗೆ ಕೆಡುಕಾಗುತ್ತದೆಯೇ ಎಂದು ಎರಡು ಸಲ ಕೇಳಿದೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ನೀ ನಮ್ಮ ಕೂಡ ಬಂದಿದ್ದಿಲ್ಲಲ್ಲ" ಎಂದರು. ಎರಡು ರೊಟ್ಟಿ ಹಾಕಿಕೊಟ್ಟರು, ತಿಂದು ಬಂದೆ. ಜೊತೆಗೆ ಹೋಗದ ನನಗೆ ಆ ಹನ್ನೊಂದು ದಿನದ ಕಟ್ಟು ಇಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಅವರು ಹಾಗೆ ಬಾಯಿಬಿಟ್ಟು ಹೇಳಿಲ್ಲ, ಆದ್ದರಿಂದ ಅವರನ್ನು ಕರೆಸಿ ಕೇಳಬಾರದೆಂದು ವಿನಂತಿ.

ನನ್ನ ಮೊದಲ ಹೇಳಿಕೆಯಲ್ಲಿ ಗಾಬರಿಯಾಗಿ ಎಂಬ ಮಾತನ್ನೂ ಓಡಿಹೋದರು ಎಂಬ ಮಾತನ್ನೂ ಹೊಡೆದುಹಾಕಬೇಕು. ಪಕ್ಕೀರಪ್ಪನವರ ಮುಖ ನನಗೆ ಮೇಲಿನಿಂದ ಕಾಣುತ್ತಿರಲಿಲ್ಲ. ಅವರು ನಿಧಾನಕ್ಕೆ ನಡೆದು ಹೋದರು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೆ ಕ್ರಮ ಇದ್ದರೆ, ಕಾಲೇಜಿಗೆ ತಿಳಿಸಬೇಕಾಗಿದ್ದರೆ ತಿಳಿಸಬಹುದು.

ಕಾಲುವೆಯ ಕೆಲಸದವರನ್ನು ವಿಚಾರಿಸಲಾಗಿ, ನಾಳೆ ಬೆಳಿಗ್ಗೆ 8 ಗಂಟೆಗೆ ಮತ್ತೆ ನೀರು ಬಿಡುತ್ತಾರಂತೆ. ನೀರು ಬಂದ ಮೇಲೆ ತುಂಡುಗಳು ಕಾಣುವುದಿಲ್ಲ. ಪಕ್ಕೀರಪ್ಪನವರು ಕೋರ್ಟಿನಲ್ಲೂ ಮಾತಾಡುವುದಿಲ್ಲ. ಅಲ್ಲಿ ಉಳಿಯುವುದು ನನ್ನ ಮೊದಲ ಹೇಳಿಕೆ ಒಂದೇ. ನಾನು ಬೆಳಿಗ್ಗೆ 6ರಿಂದ ಆ ಸೇತುವೆಯ ಮೇಲೆ ನಿಂತಿರುತ್ತೇನೆ.

ಇಲ್ಲಿ ಬರೆದದ್ದನ್ನು ಮೂರು ಸಲ ಓದಿದ್ದೇನೆ. ಕಣ್ಣಿನಿಂದ ಕಂಡದ್ದನ್ನು ಕಂಡೆ ಎಂದೂ, ಬೇರೆಯವರಿಂದ ಕೇಳಿದ್ದನ್ನು ಕೇಳಿದೆ ಎಂದೂ ಬರೆದಿದ್ದೇನೆ. ಈ ಸಲ ಊಹೆ ಸೇರಿಸಿಲ್ಲ.

8 ಗಂಟೆಯೊಳಗೆ ತಮ್ಮ ಕಡೆಯಿಂದ ಯಾರಾದರೂ ಬರುತ್ತಾರೋ ಇಲ್ಲವೋ ಎಂಬುದನ್ನು ಇವತ್ತೇ ತಿಳಿಸಬೇಕು. ನಮ್ಮ ಮನೆಗಿಂತ ಮೊದಲು ಜಂಬವ್ವನವರಿಗೆ ತಿಳಿಸಿ. ಅವರಿಗೆ ಓದಲು ಬರುವುದಿಲ್ಲ, ಚೀಟಿ ಕಳಿಸಬೇಡಿ, ಯಾರಾದರೂ ಹೋಗಿ ಹೇಳಿ. ದಯವಿಟ್ಟು ಬೇಗ ಉತ್ತರ ಕೊಡಿ.

ಸ್ಥಳ: ಹೊಸಪೇಟೆ, ಠಾಣೆಯ ಹೊರಗಿನ ಬೆಂಚು
ದಿನಾಂಕ: 26-1-2007, ಮಧ್ಯಾಹ್ನ 3-05
ಸಹಿ: ಶ್ರೀಪ್ರಿಯಾ ಟಿ.