ಪಾಸಾಗಲೊಲ್ಲದ ಶಂಕರಮ್ಮ

ಶಿವನಿ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿದ್ದ ಶಂಕರಮ್ಮ, ರೈಲು ತಡವೆಂಬ ಸೂಚನೆಯನ್ನು ಪಟಪಟನೆ ಓದಿದಳು. ಪಕ್ಕದಲ್ಲಿದ್ದ, ಊರಿನ ಹೆಂಗಸರಿಗೆ ಸಂಜೆ ಓದುಬರಹ ಕಲಿಸುವ ಹುಡುಗಿ ಕಣ್ಣರಳಿಸಿದಳು.

“ಶಂಕರಮ್ಮತ್ತೆ, ಮೊನ್ನೆ ಪರೀಕ್ಷೆ ಹಾಳೇಲಿ ಒಂದಕ್ಷರಾನೂ ಓದ್ಲಿಲ್ಲ ನೀವು!”

“ಪಾಸಾದೋರು ಸಂಜೆ ಕ್ಲಾಸಿಗೆ ಬರಂಗಿಲ್ಲ ಅಂದ್ಯಲ್ಲವ್ವ. ಹನ್ನೊಂದು ಜನಾನೂ ಮಾತಾಡ್ಕೊಂಡೇ ಫೇಲಾದ್ವಿ.”

“ಅಯ್ಯೋ!”

“ಎಂಥ ಪೆದ್ದು ಹಾಳೇನೇ ನಿಂದು, ನಮ್ ನಾಟಕಾನೂ ಗೊತ್ತಾಗ್ಲಿಲ್ವಲ್ಲ!”

“ನಗ್ಬೇಡಿ ಅತ್ತೆ. ಯಾರೂ ಕಲೀಲಿಲ್ಲ ಅಂತ ಕ್ಲಾಸೇ ಮುಚ್ಚಿಸ್ತಾರೆ.”

ಶಂಕರಮ್ಮನ ನಗು ನಿಂತಿತು.

“ಹಂಗಾದ್ರೆ ನಾಳೆ ಇನ್ನೊಂದ್ಸಲ ಪರೀಕ್ಷೆ ಮಾಡು. ಐದು ಜನ ಪಾಸಾಗ್ತೀವಿ. ಯಾರ್ಯಾರು ಅಂತ ಚೀಟಿ ಎತ್ತಿಸ್ತೀನಿ.”

“ನಿಮ್ ಹೆಸರೇ ಬಂದ್ರೆ?”

ಟಿಕೆಟ್ ಸೆರಗಿಗೆ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನತ್ತ ನಡೆಯುತ್ತ ಶಂಕರಮ್ಮ ಹೇಳಿದಳು:

“ಹೆಂಗ್ ಬತ್ತದೆ? ಚೀಟಿ ಬರೆಯೋಳೇ ನಾನು ಕಣೇ.”