ಏಳನೇ ಕುಳಿಗೆ ನಾಲ್ಕು ಹೊಡೆತ

ಹೇಳಿಕೆ ಕೊಡುತ್ತಿರುವವರು: ಮಹಿಳೆ, ವಯಸ್ಸು 54 ವರ್ಷ. ಉದ್ಯೋಗ: ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ವಾಸ: ಬಸ್ ಡಿಪೋ ಹಿಂದಿನ ರಸ್ತೆ, ಅದೇ ಅಂಗಡಿಯ ಮೇಲಿನ ಮಹಡಿ.

ನಾನು ಈ ದಿನ ಮಧ್ಯಾಹ್ನ 3 ಗಂಟೆಗೆ ಠಾಣೆಗೆ ಬಂದು, ನನ್ನ ಅಣ್ಣನ ವಿಷಯವಾಗಿ ಬರೆಸುತ್ತಿರುವ ಸಂಗತಿ ಹೀಗಿದೆ.

ನನಗೆ ಒಡಹುಟ್ಟಿದವನು ಒಬ್ಬನೇ ಅಣ್ಣ. ಅವನಿಗೆ 61 ವರ್ಷ. ಲಿಫ್ಟ್ ಮೆಕ್ಯಾನಿಕ್ ಆಗಿದ್ದು ಈಗ ನಿವೃತ್ತ. ಅತ್ತಿಗೆ ತೀರಿಕೊಂಡ ಮೇಲೆ ಅವನು ಹಾಲಿನ ಬೂತಿನ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬನೇ ಇದ್ದಾನೆ. ಮನೆ ಅವನ ಹೆಸರಿನಲ್ಲಿದೆ. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಊರಿನವರನ್ನೆಲ್ಲ ಮೇಲೆ ಹತ್ತಿಸಿದವನ ಮಂಡಿಗೆ ಕೊನೆಗೆ ಮೆಟ್ಟಿಲೇ ಗತಿಯಾಯಿತಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಾನೆ. ಮಂಡಿ ನೋವಿನಿಂದ ಎರಡು ವರ್ಷಗಳಿಂದ ಕೆಳಗೆ ಇಳಿಯುವುದು ಕಡಿಮೆ. ಅವನಿಗೆ ಒಬ್ಬನೇ ಮಗ, 33 ವರ್ಷ. ಅಂಗಡಿ, ಆಫೀಸುಗಳ ಒಳಗಿನ ಗೋಡೆ, ಮರಗೆಲಸ ಮಾಡಿಸುವ ಗುತ್ತಿಗೆದಾರ. ಬೇರೆ ಮನೆ ಮಾಡಿಕೊಂಡಿದ್ದಾನೆ.

ನನಗೂ ಅಣ್ಣನಿಗೂ ಒಂದು ರೂಢಿ ಇದೆ. ಟಿವಿಗೆ ಸಿಕ್ಕಿಸಿ ಆಡುವ ಹಳೆಯ ಕಾಲದ ವಿಡಿಯೋ ಗೇಮ್ ಯಂತ್ರ ನಮ್ಮಿಬ್ಬರ ಮನೆಯಲ್ಲೂ ಒಂದೊಂದಿದೆ. ಅದರಲ್ಲಿ ನಾವು ಗಾಲ್ಫ್ ಆಡುತ್ತೇವೆ. ಆಟದ ಕ್ಯಾಸೆಟ್ ಮಾತ್ರ ಒಂದೇ. ಅದರೊಳಗೆ ಸಣ್ಣ ಸೆಲ್ ಇರುವುದರಿಂದ, ಆರಿಸಿ ತೆಗೆದರೂ ಆಟ ಅಳಿಯುವುದಿಲ್ಲ. ಯಾವ ಕುಳಿಗೆ ಯಾರು ಎಷ್ಟು ಹೊಡೆತ ತೆಗೆದುಕೊಂಡರು ಎಂಬ ಪಟ್ಟಿ ಪರದೆಯಲ್ಲಿ ಹಾಗೇ ಬರುತ್ತದೆ. ನಾನು ಪ್ರತಿ ಭಾನುವಾರ ಅಣ್ಣನ ಮನೆಗೆ ಹೋಗಿ ಒಂಬತ್ತು ಕುಳಿ ಆಡಿ ಬರುತ್ತಿದ್ದೆ. ನಿಜವಾದ ಗಾಲ್ಫ್ ಕೋಲನ್ನು ನಾವಿಬ್ಬರೂ ಈವರೆಗೆ ಕೈಯಲ್ಲಿ ಹಿಡಿದಿಲ್ಲ.

ಈ ಆಟದ ಏಳನೇ ಕುಳಿಗೆ ಮುಂಚೆ ಒಂದು ದೊಡ್ಡ ಕೊಳ ಬರುತ್ತದೆ. ಎಡಗಡೆ ಹುಲ್ಲಿನ ಮೇಲೆ ಎರಡು ಸಣ್ಣ ಹೊಡೆತ ಹೊಡೆದು ಕೊಳವನ್ನು ಬಳಸಿ ಹೋಗಬಹುದು. ನಾನು ಹಾಗೆಯೇ ಹೋಗುತ್ತೇನೆ. ಅಣ್ಣ ಒಂದು ಸಲವೂ ಹಾಗೆ ಹೋದವನಲ್ಲ. ಅತಿ ಉದ್ದದ ಕೋಲು ಆರಿಸಿ ನೇರ ನೀರಿನ ಮೇಲೆಯೇ ಹೊಡೆಯುತ್ತಾನೆ. ಚೆಂಡು ನೀರಿಗೆ ಬೀಳುತ್ತದೆ. ಮತ್ತೆ ಅಲ್ಲಿಂದಲೇ ಹೊಡೆಯುತ್ತಾನೆ. ಎಂಟು, ಒಂಬತ್ತು ಹೊಡೆತಕ್ಕಿಂತ ಕಡಿಮೆಯಲ್ಲಿ ಆ ಕುಳಿ ಮುಗಿಸಿದ್ದನ್ನು ನಾನು ನೋಡಿಲ್ಲ. ಬಳಸಿ ಹೋಗಬಾರದೇ ಎಂದು ಕೇಳಿದರೆ, "ಬಳಸಿಕೊಂಡು ಹೋಗೋದಾದ್ರೆ ಬಸ್ಸಲ್ಲೇ ಹೋಗ್ತೀನಿ ಬಿಡು" ಎನ್ನುತ್ತಾನೆ. ಇಷ್ಟು ವಿವರವಾಗಿ ಹೇಳಲು ಕಾರಣವಿದೆ.

ಈ ತಿಂಗಳ 3ನೇ ತಾರೀಕು ಭಾನುವಾರ ನಾನು ಅಣ್ಣನನ್ನು ಅವನ ಮನೆಯಲ್ಲಿ ನೋಡಿದೆ. ಆರೋಗ್ಯವಾಗಿದ್ದ. ಯಂತ್ರಕ್ಕೆ ಸಿಕ್ಕಿಸುವ ಕಡೆ ಕ್ಯಾಸೆಟ್ಟಿಗಿರುವ ತಾಮ್ರದ ಹಲ್ಲುಗಳ ಮೇಲೆ ಧೂಳು ಕೂತಿದೆ ಎಂದು ಒರೆಸಲು ನಾನು ಅದನ್ನು ಮನೆಗೆ ತಂದೆ. 8ನೇ ತಾರೀಕು ಶುಕ್ರವಾರ ಬೆಳಿಗ್ಗೆ ಅಣ್ಣನ ಮಗ ಫೋನ್ ಮಾಡಿ, ಅಪ್ಪನಿಗೆ ಇದ್ದಕ್ಕಿದ್ದಂತೆ ಗಂಟಲಿನ ಆಪರೇಷನ್ ಆಯಿತು, ಮನೆಗೆ ಕರೆತಂದಿದ್ದೇವೆ, ಒಂದು ತಿಂಗಳು ಮಾತನಾಡಬಾರದು, ಸೋಂಕು ತಗಲುವುದರಿಂದ ಯಾರೂ ನೋಡಲು ಬರಬಾರದು ಎಂದು ತಿಳಿಸಿದ. ಯಾವ ಆಸ್ಪತ್ರೆ ಎಂದು ಕೇಳಿದೆ. "ಅದೆಲ್ಲ ಆಮೇಲೆ ಹೇಳ್ತೀನಿ ಅತ್ತೆ" ಎಂದು ಫೋನ್ ಇಟ್ಟ. ಅಣ್ಣನ ಫೋನಿಗೆ ಮಾಡಿದರೆ ಸ್ವಿಚ್ ಆಫ್ ಎಂದು ಬಂತು.

ಮನಸ್ಸು ತಡೆಯದೆ 10ನೇ ತಾರೀಕು ಭಾನುವಾರ 11 ಗಂಟೆಗೆ ಹೋದೆ. ಅಣ್ಣನ ಮಗ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, ಅದಕ್ಕೆ ಅಡ್ಡವಾಗಿ ನಿಂತು ಮಾತನಾಡಿದ. ಅಪ್ಪ ಮಲಗಿದ್ದಾರೆ ಎಂದ. ಒಳಗಿನಿಂದ ಹೊಸ ಬಣ್ಣದ ವಾಸನೆ ಬರುತ್ತಿತ್ತು. ಗಂಟಲು ಕೊಯ್ಸಿಕೊಂಡವರ ಮನೆಗೆ ಯಾರಾದರೂ ಬಣ್ಣ ಹೊಡೆಸುತ್ತಾರೆಯೇ ಎಂದು ನನಗೆ ಅನ್ನಿಸಿತು, ಆದರೆ ಕೇಳಲಿಲ್ಲ. ಮಾತನಾಡಲು ಆಗದಿದ್ದರೆ ಆಡಲಾದರೂ ಆಡಲಿ ಎಂದು ಹೇಳಿ ಕ್ಯಾಸೆಟ್ ಅವನ ಕೈಗೆ ಕೊಟ್ಟೆ. ಅವನು ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ನೋಡಿ, ಆಯಿತು, ನಾನೇ ತಂದುಕೊಡುತ್ತೇನೆ ಎಂದ.

16ನೇ ತಾರೀಕು ಶನಿವಾರ ಅಂಗಡಿಗೆ ಬಂದು ಕ್ಯಾಸೆಟ್ ಕೊಟ್ಟ. "ನೋಡಿ ಅತ್ತೆ, ಒಂಬತ್ತೂ ಆಡಿದಾರೆ. ಹುಷಾರಾಗ್ತಿದಾರೆ. ನೀವು ಸುಮ್ಮನೆ ತಲೆ ಕೆಡಿಸ್ಕೊಬೇಡಿ" ಎಂದ. ಕೆಲಸ ಮುಗಿಸಿ ಮೇಲೆ ಹೋಗಿ ಹಾಕಿ ನೋಡಿದೆ. ಅಣ್ಣನ ಹೆಸರಿನ ಸಾಲಿನಲ್ಲಿ ಏಳನೇ ಕುಳಿಗೆ ನಾಲ್ಕು ಹೊಡೆತ ಎಂದಿತ್ತು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ನಾಲ್ಕೇ ಇತ್ತು.

ಕಾಕತಾಳೀಯ ಇರಬಹುದು ಎಂದುಕೊಂಡು ನಾನು ಒಂದು ಪರೀಕ್ಷೆ ಮಾಡಿದೆ. ಎರಡನೇ ಕುಳಿ ಆ ಆಟದಲ್ಲೇ ಅತ್ಯಂತ ಸುಲಭದ್ದು. ಅದರಲ್ಲಿ ಬೇಕೆಂದೇ ಅಡ್ಡಾದಿಡ್ಡಿ ಹೊಡೆದು ಹತ್ತು ಹೊಡೆತ ತೆಗೆದುಕೊಂಡೆ. ನಾನು ಐದು ತೆಗೆದುಕೊಂಡರೇ ಅಣ್ಣ ಒಂದು ವಾರ ಆಡಿಕೊಳ್ಳುವವನು. ಮಾತನಾಡಬಾರದು ಸರಿ, ಕೈಗೇನಾಗಿದೆ, ಒಂದು ಚೀಟಿಯಲ್ಲಾದರೂ ಬರೆದು ಅಣಕಿಸಿಯೇ ಅಣಕಿಸುತ್ತಾನೆ ಎಂದು ನನಗೆ ಖಾತ್ರಿ ಇತ್ತು. 17ರಂದು ಅಣ್ಣನ ಮಗನ ಕೈಯಲ್ಲೇ ಕ್ಯಾಸೆಟ್ ಕಳಿಸಿದೆ. 23ಕ್ಕೆ ಅವನೇ ವಾಪಸ್ ತಂದುಕೊಟ್ಟ. ಚೀಟಿ ಇರಲಿಲ್ಲ. ಅಪ್ಪ ಏನಾದರೂ ಹೇಳಿ ಕಳಿಸಿದರೇ ಎಂದು ಕೇಳಿದ್ದಕ್ಕೆ, "ಅತ್ತೆ ಚೆನ್ನಾಗಿ ಆಡ್ತಿದಾರೆ ಅಂತ ಬರೆದು ತೋರಿಸಿದ್ರು" ಎಂದ. ಏಳನೇ ಕುಳಿಗೆ ಮತ್ತೆ ನಾಲ್ಕೇ ಹೊಡೆತ ಇತ್ತು.

ಮರುದಿನ 24ನೇ ತಾರೀಕು ಭಾನುವಾರ ಬೆಳಿಗ್ಗೆ 10 ಗಂಟೆಗೆ ಅಣ್ಣನ ಮನೆಗೆ ಹೋದೆ. ಒಳಗೆ ಗೋಡೆ ಕೊರೆಯುವ ಯಂತ್ರದ ಸದ್ದು ಕೇಳುತ್ತಿತ್ತು. ಬೆಲ್ ಒತ್ತಿದ ಕೂಡಲೇ ನಿಂತಿತು. ಅಣ್ಣನ ಮಗ ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡ. ಅದೇನು ಸದ್ದು ಎಂದು ಕೇಳಿದೆ. ಮೇಲಿನ ಮನೆಯವರದು ಎಂದ. ಅಣ್ಣನ ಮನೆಯ ಮೇಲೆ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಇಲ್ಲ. ನಾನು ಅದನ್ನು ಹೇಳದೆ, ಏಳನೇ ಕುಳಿಯನ್ನು ಅಪ್ಪ ನಾಲ್ಕಕ್ಕೆ ಹೇಗೆ ಮುಗಿಸಿದರು ಎಂದು ಕೇಳಿದೆ. ಎಡಗಡೆಯಿಂದ ಕೊಳ ಬಳಸಿ ಹೋದರು ಎಂದ. ನೀನು ನೋಡಿದೆಯಾ ಎಂದೆ. "ಪಕ್ಕದಲ್ಲೇ ಕೂತಿದ್ದೆ. ಬುದ್ಧಿ ಇರೋರು ಯಾರಾದ್ರೂ ಬೇಕು ಅಂತ ನೀರಿಗೆ ಹೊಡೀತಾರಾ ಅತ್ತೆ?" ಎಂದು ನಕ್ಕ. ಅವನು ಚಿಕ್ಕಂದಿನಿಂದ ಅಪ್ಪನ ಆಟವನ್ನು ಹುಚ್ಚು ಎಂದು ಎದ್ದು ಹೋಗುತ್ತಿದ್ದವನು. ಆಡಿದ್ದು ಅವನೇ ಎಂದು ನನಗೆ ಆಗ ನಿಶ್ಚಯವಾಯಿತು. ಹಾಗಾದರೆ ಅಣ್ಣ ಎಲ್ಲಿ ಎಂಬುದನ್ನು ಯೋಚಿಸಲು ನನಗೆ ಹೆದರಿಕೆಯಾಯಿತು.

ಕೆಳಗೆ ಇಳಿದಾಗ ಕಟ್ಟಡದ ಬಾಗಿಲಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ನನ್ನನ್ನು ಕರೆದು, ಅಣ್ಣನವರು ಹೇಗಿದ್ದಾರೆ ಎಂದು ಕೇಳಿದರು. ಮೇಲೆ ಇದ್ದಾರಲ್ಲ, ನೀವೇ ನೋಡುತ್ತೀರಲ್ಲ ಎಂದೆ. ಅವರು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, "ಅಯ್ಯೋ, ನಿಮಗೆ ಗೊತ್ತಿಲ್ವಾ ಅಕ್ಕ? 7ನೇ ತಾರೀಕೇ ಕರ್ಕೊಂಡು ಹೋದ್ರಲ್ಲ. ಕುರ್ಚಿ ಸಮೇತ ಎತ್ತಿ ಇಳಿಸಿದ್ರು. 'ನಿಧಾನ ಕಣ್ರೋ, ನಾನೇನು ಫ್ರಿಜ್ಜಾ' ಅಂತ ಬಯ್ತಾ ಇದ್ರು" ಎಂದರು. ಬಿಳಿ ವ್ಯಾನಿನ ಮೇಲೆ ಹೆದ್ದಾರಿಯ ಪಕ್ಕದ ವೃದ್ಧರ ಆರೈಕೆ ಕೇಂದ್ರದ ಹೆಸರಿತ್ತು ಎಂದೂ ತಿಳಿಸಿದರು. 8ನೇ ತಾರೀಕು ನನಗೆ ಗಂಟಲಿನ ಕಥೆ ಹೇಳುವ ಹೊತ್ತಿಗೆ ಅಣ್ಣ ಆ ಮನೆಯಲ್ಲೇ ಇರಲಿಲ್ಲ.

25ನೇ ತಾರೀಕು ಸೋಮವಾರ ನಾನು ಈ ಠಾಣೆಗೆ ಬಂದು ಬಾಗಿಲ ಬಳಿ ಕೂತಿದ್ದ ಪೇದೆಗೆ ವಿಷಯ ಹೇಳಿದೆ. "ಆಟ ಚೆನ್ನಾಗಿ ಆಡಿದ್ದಕ್ಕೆ ಕಂಪ್ಲೇಂಟಾ ಅಮ್ಮ? ಮೊದಲು ಹೋಗಿ ನೋಡ್ಕೊಂಡು ಬನ್ನಿ" ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ.

ನಿನ್ನೆ 26ನೇ ತಾರೀಕು ಮಂಗಳವಾರ ರಜೆ ಹಾಕಿ ಆ ಕೇಂದ್ರಕ್ಕೆ ಹೋದೆ. ಇಲ್ಲಿಂದ 22 ಕಿಲೋಮೀಟರ್. ಮೂರು ಮಂಚದ ಕೋಣೆಯಲ್ಲಿ, ಕಿಟಕಿ ಇಲ್ಲದ ಗೋಡೆಯ ಕಡೆಯ ಮಂಚದ ಮೇಲೆ ಅಣ್ಣ ಕೂತಿದ್ದ. ಗಡ್ಡ ಬೆಳೆದಿತ್ತು. ಕುತ್ತಿಗೆಯ ಮೇಲೆ ಕೊಯ್ದ ಗುರುತು ಯಾವುದೂ ಇರಲಿಲ್ಲ. ನನ್ನನ್ನು ನೋಡಿ, "ಏನಮ್ಮಾ, ದಾರಿ ತಪ್ಪಿ ಬಂದ್ಯಾ?" ಎಂದ. ದನಿ ಸರಿಯಾಗಿಯೇ ಇತ್ತು. ಬಚ್ಚಲು ರಿಪೇರಿ ಮುಗಿಯುವವರೆಗೆ ಹತ್ತು ದಿನ ಎಂದು ಮಗ ಅಲ್ಲಿ ತಂದು ಬಿಟ್ಟನಂತೆ. ಫೋನನ್ನು ಸರಿಮಾಡಿಸುತ್ತೇನೆ ಎಂದು ತೆಗೆದುಕೊಂಡು ಹೋದನಂತೆ. ಅತ್ತೆಗೆ ಕೆಲಸ ಜಾಸ್ತಿ, ಇನ್ನು ಬರುವುದಿಲ್ಲವಂತೆ, ಆಟವೂ ಬೇಜಾರಾಗಿದೆಯಂತೆ ಎಂದು ಹೇಳಿದ್ದನಂತೆ. ನಾನು ಅಂಥವಳೇ ಎಂದು ಕೇಳಿದೆ. "ನಂಬಲಿಲ್ಲ. ಆದರೆ ನೀನು ಬರಲೂ ಇಲ್ಲವಲ್ಲ" ಎಂದ.

ಮನೆಯೊಳಗೆ ಗೋಡೆ ಕೊರೆಯುತ್ತಿದ್ದಾರೆ ಎಂದು ತಿಳಿಸಿದೆ. ಅಣ್ಣ, "ಯಾವ ಗೋಡೆ? ನನ್ನ ರೂಮಿಂದಾ?" ಎಂದು ಕೇಳಿದ. ನನ್ನನ್ನು ಒಳಗೆ ಬಿಡಲಿಲ್ಲ, ಹಾಗಾಗಿ ಯಾವ ಗೋಡೆಯೋ ಗೊತ್ತಿಲ್ಲ ಎಂದೆ. ಆ ರೂಮಿನಲ್ಲಿ ತನ್ನ ಆಫೀಸು ಮಾಡಬೇಕೆಂದು ಮಗ ಒಂದು ವರ್ಷದಿಂದ ಕೇಳುತ್ತಿದ್ದ, ತಾನು ಒಪ್ಪಿರಲಿಲ್ಲ ಎಂದು ಅಣ್ಣ ಹೇಳಿದ. ನಂತರ ಮಂಚದ ಕೆಳಗೆ ಕಾಲಿನಿಂದ ತಡಕಾಡಿ, "ನನ್ನ ಚಪ್ಪಲಿ ಕೊಡಿಸು. ನಡಿ, ಹೋಗೋಣ" ಎಂದ. ಮೇಲ್ವಿಚಾರಕರನ್ನು ಕೇಳಿದಾಗ, ತಂದು ಸೇರಿಸಿದವರೇ ಬಂದು ಸಹಿ ಮಾಡಬೇಕು ಎಂದು ಹೇಳಿ ಅಣ್ಣನ ಮಗನಿಗೆ ಫೋನ್ ಮಾಡಿದರು.

ಅವನು ಮುಕ್ಕಾಲು ಗಂಟೆಯಲ್ಲಿ ಬಂದ. ನನ್ನ ಮುಖ ನೋಡಲಿಲ್ಲ. ಅಪ್ಪನ ಹತ್ತಿರ ಸ್ವಲ್ಪ ಮಾತಿದೆ, ಹೊರಗಿರಿ ಎಂದ. ನಾನು ಮತ್ತು ಉಳಿದ ಇಬ್ಬರು ವೃದ್ಧರು ಹೊರಗೆ ಬಂದೆವು. ಬಾಗಿಲು ಹಾಕಿಕೊಂಡ. ಒಳಗೆ ಏನು ಮಾತಾಯಿತು ಎಂಬುದು ನನಗೆ ಕೇಳಿಸಲಿಲ್ಲ. ಸುಮಾರು ಕಾಲು ಗಂಟೆಯ ನಂತರ ನಮ್ಮನ್ನು ಒಳಗೆ ಕರೆದ. ಅಣ್ಣ ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಕೂತಿದ್ದ. ಮಗ ಪಕ್ಕದಲ್ಲಿ ನಿಂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದ. ಅಣ್ಣ ಗೋಡೆಯ ಕಡೆ ನೋಡುತ್ತಾ, "ನಾನೇ ಇಷ್ಟಪಟ್ಟು ಬಂದಿದ್ದು. ನೀನು ಸುಮ್ಮನೆ ಗಾಬರಿಯಾಗಿದೀಯ. ಪೊಲೀಸು ಗಿಲೀಸು ಅಂತ ಹೋಗಬೇಡ" ಎಂದ. ಪೊಲೀಸ್ ಎಂಬ ಮಾತನ್ನು ನಾನು ಅಣ್ಣನ ಬಳಿ ಎತ್ತಿರಲಿಲ್ಲ.

ಅಣ್ಣ ಬೇಡ ಎಂದರೂ ನಾನು ಈ ದೂರು ಕೊಡುತ್ತಿದ್ದೇನೆ. ಮಗನಿಗೆ ಶಿಕ್ಷೆಯಾಗಲಿ ಎಂಬುದು ನನ್ನ ಉದ್ದೇಶವಲ್ಲ. ಅಣ್ಣ ಅಲ್ಲಿರುವುದು ಅವನ ಇಷ್ಟದಿಂದಲೋ ಇನ್ನೊಬ್ಬರ ಇಷ್ಟದಿಂದಲೋ ಎಂಬುದು ಗೊತ್ತಾಗಬೇಕು. ಆದ್ದರಿಂದ ಅವನ ಮಗನನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ, ಅಣ್ಣನೊಬ್ಬನನ್ನೇ ಕೇಳಿ ಹೇಳಿಕೆ ಪಡೆಯಬೇಕೆಂದು ಕೋರುತ್ತೇನೆ. ಹಾಗೆ ಒಬ್ಬನೇ ಇದ್ದಾಗಲೂ ಅವನು ಇದೇ ಮಾತು ಹೇಳಿದರೆ ನಾನು ಒಪ್ಪಿ ದೂರು ವಾಪಸ್ ಪಡೆಯುತ್ತೇನೆ. ಕೇಳುವಾಗ ನಾನೂ ಒಳಗೆ ಇರುವುದಿಲ್ಲ.

ಇದನ್ನು ಬರೆದುಕೊಂಡವರು ನನಗೆ ಮೊದಲಿನಿಂದ ಓದಿ ಹೇಳಿದ್ದಾರೆ. ನಾನು ಹೇಳಿದ್ದು ಹೇಳಿದಂತೆಯೇ ಇದೆ, ಸುಳ್ಳು ಸೇರಿಲ್ಲ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 27, ಬುಧವಾರ, ಸಂಜೆ 4.40
ಸಹಿ: (ದೂರುದಾರಳು)